ಬೇಲಿಯಾಚೆಯ ಅತ್ತೆಮನೆ

ಹ್ಯೂಸ್ಟನ್‌ನ ಹಿಲ್‌ಕ್ರಾಫ್ಟ್ ಬೀದಿಯ ನನ್ನ ಅಂಗಡಿಯಲ್ಲಿ ಬಾಳೆಎಲೆಗೆ ಚೌಕಾಸಿ ಮಾಡದ ಗಿರಾಕಿ ಕಮಲಕ್ಕ ಒಬ್ಬರೇ. ಒಂದೊಂದೇ ಎಲೆ ಬಿಡಿಸಿ, ಬೆಳಕಿಗೆ ಹಿಡಿದು, ಸೀಳಿದ್ದನ್ನು ನನ್ನ ಕಡೆಗೇ ತಳ್ಳುತ್ತಿದ್ದರು. "ಇದನ್ನ ನಿಮ್ಮ ಅಳಿಯಗ ಹಾಸ್ರಿ ಶೆಟ್ರ. ನಮ್ಮ ಹಿರ್ಯಾರಿಗೆ ಚಲೋದು ಕೊಡ್ರಿ."

ಧಾರವಾಡದಿಂದ ನರ್ಸ್ ಆಗಿ ಹ್ಯೂಸ್ಟನ್‌ಗೆ ಬಂದು, ಇಲ್ಲಿಯ ಕಪ್ಪು ಜನಾಂಗದ ಬಸ್ ಡ್ರೈವರ್ ವಿಲ್ಲಿಯನ್ನು ಮದುವೆಯಾದವರು. ಅವರ ತವರಿನಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಎಡೆಯ ಮುಂದೆ ಮುತ್ತಜ್ಜಿಯಿಂದ ಹಿಡಿದು ಹಿರಿಯರ ಹೆಸರು ಕರೆದ ಮೇಲೆಯೇ ಊಟ. ವಿಲ್ಲಿ ತೀರಿಕೊಂಡ ವರ್ಷ ಎಡೆಯಿಟ್ಟು ಕೂತರೆ, ಗಂಡನ ಕಡೆಯ ಹೆಸರುಗಳು ಮಾವನಲ್ಲಿಗೇ ನಿಂತುಹೋದವು. "ಅವತ್ತು ತುತ್ತು ಇಳೀಲಿಲ್ರಿ."

ಆ ಹೆಸರುಗಳನ್ನು ಹುಡುಕಿಕೊಂಡು ಕಾರು ಹತ್ತಿದರು. ರೈಲ್ವೆ ಕೆಲಸಕ್ಕೆಂದು ಮಾವ ಕೆಲಕಾಲ ನೆಲೆಸಿದ್ದ ಡಲ್ಲಾಸ್‌ನಲ್ಲಿ ಚರ್ಚಿನ ಮುದುಕಿಯರ ಪಕ್ಕ ಕೂತು ಮಾತು ತೆಗೆದರು. ಮಾವನ ಅಪ್ಪ ಹತ್ತಿ ಬಿಡಿಸುವುದನ್ನು ಬಿಟ್ಟು ಹ್ಯೂಸ್ಟನ್‌ನ ಬಂದರಿಗೆ ಬಂದನೆಂದು ಅಲ್ಲಿ ತಿಳಿಯಿತು. ಆ ಎಳೆ ಹಿಡಿದು ಹೋದಾಗ ಅವನ ತಾಯಿ ಹ್ಯಾನಾಳ ಸಮಾಧಿ ಆಸ್ಟಿನ್‌ನ ಹೊರವಲಯದಲ್ಲಿ ಸಿಕ್ಕಿತು.

ಪೇರ್‌ಲ್ಯಾಂಡ್‌ನ ದೇವಸ್ಥಾನದಲ್ಲಿ ಕಮಲಕ್ಕನನ್ನು ಒಬ್ಬ ಹುಡುಗ ಕೇಳಿಯೇಬಿಟ್ಟ: "ನಿಮ್ಮ ಗಂಡನ ಕಡೆಯವರಿಗೆಲ್ಲ ನಮ್ಮ ಎಡೆ ಯಾಕೆ ಆಂಟಿ? ನಾವೂ ಮೈಗ್ರೇಟ್ ಆಗೇ ಬಂದಿದೀವಲ್ಲ, ನಾವೇನು ಅಳ್ತಾ ಕೂತಿದೀವಾ?"

"ನೀ ಟಿಕೀಟ್ ತಗೊಂಡು ಬಂದಿ. ಹ್ಯಾನಾ ಕೂಸಿದ್ದಾಗ ಆಕಿನ್ನ ಗುಲಾಮಳಂತ ಅಲಬಾಮಾದಿಂದ ಗಾಡ್ಯಾಗ ಒಗೆದು ತಂದ್ರು, ದನದ ಜೋಡಿ. ಬಂದದ್ದು ಬ್ಯಾರೆ, ತಂದದ್ದು ಬ್ಯಾರೆ ತಮ್ಮಾ."

ಆ ಸಮಾಧಿಯ ಸುತ್ತ ಈಗ ಒಂದು ಗೋದಾಮು, ತಂತಿಬೇಲಿ, ಬೀಗ. ಕಮಲಕ್ಕನನ್ನು ಒಳಗೆ ಬಿಡಲಿಲ್ಲ. ಮಾತಿಗೆ ನಾನು ಹೋದೆ. ಎದುರಿನವನೇ ಮೊದಲು ಬಾಯಿಬಿಡುವ ತನಕ ಸುಮ್ಮನಿರಬೇಕು. ವ್ಯಾಪಾರಕ್ಕಿಳಿಯುವವರು ಇದನ್ನು ಕಲಿತುಕೊಳ್ಳಿ. ಹಾಗೆ ಕೂತು, ಮ್ಯಾನೇಜರನಿಂದ ವರ್ಷಕ್ಕೆರಡು ಭೇಟಿ ಗಿಟ್ಟಿಸಿದೆ, ಮೊದಲೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು. ಗೆದ್ದ ಹುರುಪಿನಲ್ಲಿ ಹೊರಬಂದು ಹೇಳಿದೆ.

ಕಮಲಕ್ಕ ನನ್ನನ್ನೇ ನೋಡಿದರು. "ಅತ್ತಿ ಮನಿಗೆ ಹೋಗಾಕ ಅಪಾಯಿಂಟ್‌ಮೆಂಟ್ ತಗೋಬೇಕೇನ್ರಿ ಶೆಟ್ರ?"

ಬೇಲಿಯ ಹೊರಗೇ ಎಲೆ ಹಾಸಿ, ಹೋಳಿಗೆ ಬಡಿಸಿ, ತಂತಿಗೆ ಬಾಯಿಟ್ಟು ಹೆಸರು ಕರೆದರು. ಸಮಾಧಿ ನೋಡಬಂದವರಿಗೆ ದಾರಿ ಬಿಡಲೇಬೇಕೆಂದು ಈ ರಾಜ್ಯದಲ್ಲಿ ಕಾನೂನೇ ಇದೆಯೆಂದು ನನಗೆ ತಿಳಿದದ್ದು ಆಮೇಲೆ. ಆ ಮ್ಯಾನೇಜರನಿಗೆ ಮೊದಲೇ ಗೊತ್ತಿತ್ತು. ಕಮಲಕ್ಕನ ಹಕ್ಕನ್ನೇ ಚೂರು ಮಾಡಿ ಅವರಿಗೇ ಕೊಟ್ಟ; ನಾನು ಕೈಕುಲುಕಿ ಬಂದಿದ್ದೆ. ನಲವತ್ತು ವರ್ಷದ ವ್ಯಾಪಾರದಲ್ಲಿ ಎಷ್ಟೋ ಮೋಸ ನುಂಗಿದ್ದೇನೆ. ಇದು ಮಾತ್ರ ಇವತ್ತಿಗೂ ಗಂಟಲಲ್ಲಿದೆ.

ಕಮಲಕ್ಕ ಕೋರ್ಟಿಗೆ ಹೋಗಲು ತಯಾರಾಗುತ್ತಿದ್ದರು. ಅಷ್ಟರಲ್ಲಿ ಆಯುಷ್ಯ ಮುಗಿಯಿತು.

ಈ ಸಲದ ಅಮಾವಾಸ್ಯೆಗೆ ಸೀಳಿಲ್ಲದ ಎಲೆ ನಾನೇ ಆರಿಸಿಕೊಂಡು ಆಸ್ಟಿನ್‌ಗೆ ಡ್ರೈವ್ ಮಾಡಿದೆ. ಅದೇ ಮ್ಯಾನೇಜರ್ ಗೇಟಿನಾಚೆ ನಿಂತು, ಈ ಸಮಾಧಿಯವಳಿಗೆ ನೀನು ಏನಾಗಬೇಕು ಎಂದ. ನಾನು ಕಾನೂನು ಹೇಳಲಿಲ್ಲ, ಚೌಕಾಸಿಗೂ ಇಳಿಯಲಿಲ್ಲ. "ಹ್ಯಾನಾ. ಅವಳ ಮಗ ಐಸಾಕ್. ಅವನ ಮಗ ಲೆರಾಯ್. ಅವನ ಮಗ ವಿಲ್ಲಿ. ವಿಲ್ಲಿಯ ಹೆಂಡತಿ ಕಮಲ."

ಅವನು ಕದಲಲಿಲ್ಲ. ನಾನು ಮತ್ತೆ ಹ್ಯಾನಾಳಿಂದ ಶುರು ಮಾಡಿದೆ, ಇನ್ನಷ್ಟು ಜೋರಾಗಿ. ಗೋದಾಮಿನ ಕೆಲಸದವರು ಒಬ್ಬೊಬ್ಬರಾಗಿ ಹೊರಗೆ ಬಂದು ನಿಂತರು. ಬೀಗ ತೆರೆಯುವ ಸದ್ದು ಕೇಳುವವರೆಗೂ ಕರೆಯುತ್ತಲೇ ಇದ್ದೆ.