ಮಾವನವರ ಮಾತಿನ ಡಿವಿಡಿ

ಮೈಸೂರಿನಿಂದ ನಾದಿನಿ ಕಳಿಸಿದ ಡಿವಿಡಿ ಕೊರಿಯರಿನಲ್ಲಿ ಬಂದಾಗ ಮಾವನವರಿಗೆ ಮಾತು ಹೋಗಿ ಏಳು ವಾರವಾಗಿತ್ತು. ಲಕ್ವ ಹೊಡೆದದ್ದು ಬಲಗಡೆಗೆ. ಕಾಲು ಒಂದಿಷ್ಟು ಬಂದಿತ್ತು, ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು. ಬಲಗೈ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. ಮಾತು ಮಾತ್ರ ಒಂದಕ್ಷರವೂ ಇಲ್ಲ. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ಹೇಳಬೇಕಾದದ್ದೂ ಒಳಗೆ ಇತ್ತು. ಅದು ನಾಲಿಗೆಯ ತನಕ ಬಂದು ನಿಂತುಬಿಡುತ್ತಿತ್ತು. ಮೊದಲ ಕೆಲವು ತಿಂಗಳು ದಿನಾ ಅಭ್ಯಾಸ ಮಾಡಿಸಿ, ತಡವಾದಷ್ಟೂ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅದನ್ನು ಕೇಳಿದಂದಿನಿಂದ ಪ್ರತಿ ಸೋಮವಾರ ಕ್ಯಾಲೆಂಡರ್ ನೋಡುತ್ತಿದ್ದೆ, ಇನ್ನೊಂದು ವಾರ ಹೋಯಿತಲ್ಲ ಎಂದು.

ಮಾವನವರು ದಾವಣಗೆರೆ ಕಡೆ ಬಸ್ ಕಂಡಕ್ಟರ್ ಆಗಿದ್ದವರು. ನಮ್ಮ ಯಜಮಾನರಿಗೆ ಬ್ಯಾಂಕಿನಿಂದ ಬನಾರಸಿಗೆ ವರ್ಗವಾದಾಗ, ಕಾಶಿಯಲ್ಲವೇ ಎಂದು ಅತ್ತೆ ಮಾವ ಇಬ್ಬರೂ ಸಂತೋಷದಿಂದಲೇ ಜೊತೆಗೆ ಬಂದರು. ನಾಲ್ಕು ವರ್ಷದಲ್ಲಿ ಮಾವ ಹಿಂದಿ ಕಲಿಯಲಿಲ್ಲ. ತರಕಾರಿ ಗಾಡಿಯವನ ಹತ್ತಿರ ಕನ್ನಡದಲ್ಲೇ ಚೌಕಾಸಿ ಮಾಡುತ್ತಿದ್ದರು, ಅವನು ಭೋಜಪುರಿಯಲ್ಲಿ ಉತ್ತರ ಕೊಡುತ್ತಿದ್ದ, ಬದನೆಕಾಯಿ ಸರಿಯಾದ ಬೆಲೆಗೇ ಮನೆಗೆ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ತುಂಬ ಒಳ್ಳೆಯವಳು. ಚಿತ್ರದ ಕಾರ್ಡು ಎತ್ತಿ ಹಿಡಿದು, "ಬೋಲಿಯೇ ಬಾಬೂಜಿ, ಯೇ ಕ್ಯಾ ಹೈ? ಆಮ್" ಎನ್ನುವಳು. ಮಾವ ಕಾರ್ಡನ್ನು ನೋಡಿ ಆಮೇಲೆ ನನ್ನ ಮುಖ ನೋಡುವರು. ಜೀವಮಾನವೆಲ್ಲ ಮಾವಿನಹಣ್ಣು ತಿಂದವರಿಗೆ ಅದನ್ನು ಆಮ್ ಅನ್ನು ಎಂದರೆ ಎಲ್ಲಿಂದ ಬರಬೇಕು? ಮೈಸೂರಿನಲ್ಲಿ ಕನ್ನಡದಲ್ಲಿ ಕಲಿಸುವವರನ್ನು ನಾದಿನಿ ಹುಡುಕಿ ಫೋನಿನಲ್ಲಿ ವೀಡಿಯೊ ಪಾಠ ಗೊತ್ತು ಮಾಡಿದಳು. ಪರದೆಯ ಮೇಲೆ ಆ ಟೀಚರಿನ ಮುಖ, ಮೂಲೆಯಲ್ಲಿ ತನ್ನದೇ ಸೊಟ್ಟಗಾದ ಬಾಯಿ ಕಂಡದ್ದೇ ತಡ, ಮಾವ ಎಡಗೈಯಲ್ಲಿ ಟವೆಲ್ ಎಳೆದು ಮುಖ ಮುಚ್ಚಿಕೊಂಡರು. ಎರಡನೇ ದಿನವೂ ಹಾಗೇ. ಮೂರನೇ ದಿನ ಫೋನ್ ಕಂಡೊಡನೆ ಟವೆಲಿಗೆ ಕೈ ಹೋಯಿತು.

ಆಗ ನಾದಿನಿ ಈ ಡಿವಿಡಿ ಪತ್ತೆ ಮಾಡಿದ್ದು. ಲಕ್ವ ಹೊಡೆದವರಿಗೆ ಅಂತಲೇ ಕನ್ನಡದಲ್ಲಿ ಮಾಡಿದ ಪಾಠಗಳು. "ಅತ್ತಿಗೆ, ಇದಕ್ಕೆ ಕಣ್ಣಿಲ್ಲ. ಅಪ್ಪನ್ನ ಅದು ನೋಡಲ್ಲ. ಅಪ್ಪ ಅದನ್ನ ನೋಡಿದ್ರೆ ಸಾಕು," ಎಂದಳು ಫೋನಿನಲ್ಲಿ.

ಡಿವಿಡಿ ಪ್ಲೇಯರನ್ನು ನಾವು ಹೋದ ದೀಪಾವಳಿಗೆ ಹಳೆ ಸಾಮಾನಿನ ಕಬಾಡಿಯವನಿಗೆ ಹಾಕಿದ್ದೆವು. ಯಜಮಾನರ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಹಾಕುವ ಕಿಂಡಿಯೇ ಇಲ್ಲ. ಉಳಿದದ್ದು ಮಠದ ಕಂಪ್ಯೂಟರು. ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲೇ ಕರ್ನಾಟಕದವರ ಮಠ. ಅಲ್ಲಿ ಹಳೆಯ ಓಲೆಗರಿಗಳ ಪಟ್ಟಿ ಮಾಡುವ ಸ್ವಾಮಿಗಳೊಬ್ಬರಿದ್ದಾರೆ, ನನ್ನದೇ ವಯಸ್ಸಿನವರು. ಮಠಕ್ಕೆ ಹೊಸ ಯಂತ್ರ ಬಂದಾಗ ಹಳೆಯದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿ, "ವೈರಸ್ ಬರಂಗಿಲ್ಲ, ದುಡ್ಡೂ ಕೇಳಂಗಿಲ್ಲ, ಒಯ್ಯಿರಿ" ಎಂದು ನಮಗೆ ಕೊಟ್ಟಿದ್ದರು. ನಾನು ಅದರಲ್ಲಿ ಅಡುಗೆಯ ಲೆಕ್ಕಾಚಾರ, ನಾದಿನಿಗೊಂದು ಇಮೇಲ್ ಬಿಟ್ಟರೆ ಬೇರೇನೂ ಮಾಡಿರಲಿಲ್ಲ.

ಡಿವಿಡಿಯ ಅಂಚು ಹಿಡಿದು ಟ್ರೇಯಲ್ಲಿಟ್ಟು ಒಳಗೆ ತಳ್ಳಿದೆ. ಗೊರ್ ಎಂದು ತಿರುಗಿತು. ಪರದೆಯ ಮೇಲೆ ಡಿವಿಡಿಯ ಚಿತ್ರ ಬಂತು. ಎರಡು ಸಲ ಒತ್ತಿದರೆ ಇಂಗ್ಲಿಷಿನಲ್ಲಿ ಒಂದು ವಾಕ್ಯ. ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದದೆ ಪೆನ್ನು ಮುಟ್ಟಬೇಡಿ ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳುತ್ತಿದ್ದರು. ಎರಡು ಸಲ ಓದಿದೆ. ಬಹಳ ವಿನಯದ ವಾಕ್ಯ. ಇದನ್ನು ನುಡಿಸಲು ಬೇಕಾದದ್ದು ನನ್ನಲ್ಲಿಲ್ಲ, ಕ್ಷಮಿಸಿ ಎನ್ನುವಂತಿತ್ತು. ಮಂಚದ ಮೇಲಿಂದ ಮಾವ ಕತ್ತು ಚಾಚಿ ನೋಡುತ್ತಿದ್ದರು. ಟವೆಲ್ ಹೆಗಲ ಮೇಲೇ ಇತ್ತು, ಮುಖಕ್ಕೆ ಬಂದಿರಲಿಲ್ಲ. ನನಗೆ ಅದೇ ದೊಡ್ಡದಾಗಿ ಕಂಡಿತು.

ಸ್ವಾಮಿಗಳಿಗೆ ಫೋನ್ ಮಾಡಿದೆ.

"ಏನ್ ಬಂದೈತ್ರಿ ತಾಯಿ? ಇದ್ದಂಗ ಓದ್ರಿ."

ಓದಿದೆ.

"ಹಂಗಾರ ಎರಡು ಕೆಲಸ. ಒಂದು, ಬ್ಯಾರೆ ಪ್ಲೇಯರ್ ಹಾಕಬೇಕು. ರಸ್ತೆ ರಿಪೇರಿಗೆ ಕಿತ್ತಳೆ ಬಣ್ಣದ ಕೋನ್ ಇಡ್ತಾರಲ್ಲ, ಅದರ ಗುರುತು ಇರತೈತಿ. ಎರಡನೇದು, ಕೊಂಡ ಡಿವಿಡಿಗೆ ಕಂಪನಿಯವರು ಬೀಗ ಹಾಕಿರ್ತಾರ. ಆ ಬೀಗ ತೆಗಿಯೋದೊಂದು ಸಾಫ್ಟ್‌ವೇರ್ ತುಣುಕು ಐತಿ, ಅದನ್ನೂ ಇಳಿಸಬೇಕು. ಕಮಾಂಡ್ ಬರಿಯೋ ಕಪ್ಪು ಕಿಟಕಿ ತೆಗೀರಿ, ನಾ ಹೇಳಿದ್ದು ಬರೀರಿ."

ಫೋನನ್ನು ಸ್ಪೀಕರಿಗೆ ಹಾಕಿ, ಕಪ್ಪು ಕಿಟಕಿಯಲ್ಲಿ ಅವರು ಹೇಳಿದ ಅಕ್ಷರಗಳನ್ನೆಲ್ಲ ಒಂದೊಂದಾಗಿ ಒತ್ತಿದೆ. ಪಾಸ್‌ವರ್ಡ್ ಕೇಳಿತು. ಒತ್ತಿದರೆ ಏನೂ ಮೂಡುವುದಿಲ್ಲ, ಚುಕ್ಕಿ ಕೂಡ ಇಲ್ಲ. ಕೀಬೋರ್ಡ್ ಕೆಟ್ಟಿತೆಂದು ತಲೆಕೆಳಗು ಮಾಡಿ ತಟ್ಟಿದೆ. ಎರಡು ಸಾಸಿವೆ ಕಾಳು ಬಿದ್ದವು.

"ಮೂಡಂಗಿಲ್ರಿ ಅದು. ಕಾಣಲಿಲ್ಲ ಅಂದ್ರೂ ಕೇಳಿಸ್ಕೊಳ್ತೈತಿ. ನಂಬಿ ಎಂಟರ್ ಒತ್ರಿ," ಎಂದರು ಸ್ವಾಮಿಗಳು.

"ದೇವರ ಹಾಗೇನಾ?" ಎಂದು ಹಿಂದಿನಿಂದ ಯಜಮಾನರು.

"ಅಷ್ಟು ತಡ ಮಾಡಂಗಿಲ್ಲ ಅಂತ ಹೇಳ್ರಿ ಅವ್ರಿಗೆ."

ಅಲ್ಲಿಗೆ ನೆಟ್ ಹೋಯಿತು. ನಮ್ಮ ಓಣಿಯಲ್ಲಿ ನೆಟ್ ಹೋದರೆ ಯಾರೂ ಕಂಪನಿಗೆ ಫೋನ್ ಮಾಡುವುದಿಲ್ಲ, ಮೊದಲು ತಾರಸಿಗೆ ಹೋಗಿ ನೋಡುತ್ತಾರೆ. ದೊಡ್ಡ ಕೋತಿಯೊಂದು ವೈರನ್ನು ಜನಿವಾರದ ಹಾಗೆ ಹೆಗಲಿಗೆ ಹಾಕಿಕೊಂಡು ಕೂತಿತ್ತು. ಯಜಮಾನರ ಫೋನಿನಿಂದ ನೆಟ್ ಕೊಟ್ಟು ಮತ್ತೆ ಶುರು ಮಾಡಿದೆ. ಕಪ್ಪಿನ ಮೇಲೆ ಬಿಳಿ ಸಾಲುಗಳು ಸರಸರ ಓಡಿ, ಕೊನೆಗೆ ನೀಲಿ ಪರದೆಯೊಂದು ಬಂತು. ಉದ್ದದ ಸೂಚನೆ, ಕೆಳಗೆ ಓಕೆ ಎಂಬ ಪದ. ಸೂಚನೆ ಎರಡು ಸಲ ಓದಿ ಓಕೆ ಮೇಲೆ ಮೌಸ್ ಒತ್ತಿದೆ. ಏನೂ ಆಗಲಿಲ್ಲ. ಹತ್ತು ಸಲ ಒತ್ತಿದೆ. ಬಹುಶಃ ಮುಗಿದಿರಬೇಕು, ತಿಳಿಸುವುದಕ್ಕಷ್ಟೇ ಬಂದದ್ದು ಎಂದುಕೊಂಡು ಕಿಟಕಿ ಮುಚ್ಚಿ ಅನ್ನಕ್ಕಿಟ್ಟೆ.

ಆ ದಿನವೆಲ್ಲ ಡಿವಿಡಿ ಏಳಲಿಲ್ಲ. ಮಾರನೇ ದಿನ ಹೇಳಿದಾಗ ಸ್ವಾಮಿಗಳು ನಕ್ಕರು. "ತಾಯಿ, ಅದು ಕೇಳಿದ್ದಕ್ಕ ಉತ್ತರ ಕೊಡದ ಬಾಗಿಲಾ ಹಾಕಿ ಹೋದ್ರಿ. ಪಾಪ, ಅದು ಅಲ್ಲೇ ನಿಂತೈತಿ. ಆ ಪರದೆ ಮೌಸ್ ಮಾತು ಕೇಳಂಗಿಲ್ಲ. ಟ್ಯಾಬ್ ಒತ್ರಿ, ಓಕೆ ಕೆಂಪಗಾಗ್ತದ, ಆಮ್ಯಾಲೆ ಎಂಟರ್." ಅರ್ಧಕ್ಕೆ ನಿಂತ ಕೆಲಸವನ್ನು ಮತ್ತೆ ಶುರು ಮಾಡುವ ಒಂದು ಸಾಲನ್ನೂ ಹೇಳಿದರು. ಟ್ಯಾಬ್ ಒತ್ತಿದೆ. ಓಕೆ ಕೆಂಪಗಾಯಿತು.

ಆ ಮಧ್ಯಾಹ್ನ ಡಿವಿಡಿ ನಡೆಯಿತು. ಹಸಿರು ಸೀರೆಯ ಹೆಂಗಸೊಬ್ಬರು, ಕಿವಿಯಲ್ಲಿ ಸಣ್ಣ ಓಲೆ, ಹಿಂದೆ ಬರೀ ಗೋಡೆ. "ನಮಸ್ಕಾರ. ನನ್ನ ಬಾಯಿ ನೋಡಿ," ಎಂದರು. ಅತ್ತೆ ಬಾಗಿಲಲ್ಲೇ ನಿಂತು ಕೈ ಮುಗಿದರು. ಆ ಹೆಂಗಸು ಅ ಎಂದರು, ಆ ಎಂದರು. ಮಾವನ ಬಾಯಿ ತೆರೆಯಿತು. ಸದ್ದು ಬರಲಿಲ್ಲ, ಆದರೆ ತೆರೆಯಿತು. ಏಳು ವಾರದಲ್ಲಿ ಯಾರ ಮುಂದೆಯೂ ಅವರು ಹಾಗೆ ಬಾಯಿ ಬಿಟ್ಟಿರಲಿಲ್ಲ. ಮೊದಲ ಪಾಠ ಮುಗಿದು ಎರಡನೆಯದು ಅರ್ಧವಾಗಿತ್ತು, ಹೆಂಗಸಿನ ಮುಖ ಚೌಕ ಚೌಕವಾಗಿ ಒಡೆದು, ತುಟಿ ಮುಂದೆ ಮಾಡಿದಲ್ಲೇ ನಿಂತುಹೋಯಿತು. ಯಂತ್ರದೊಳಗೆ ಕಟಕಟ ಸದ್ದು. ಮಾವನೂ ತುಟಿ ಮುಂದೆ ಮಾಡಿಕೊಂಡು ಕಾದರು. ತುಂಬ ಹೊತ್ತು ಕಾದರು. ಆಮೇಲೆ ಗೋಡೆಗೆ ತಿರುಗಿ ಮಲಗಿಬಿಟ್ಟರು.

ಮತ್ತೆ ಹಾಕಿದರೆ ಅದೇ ಜಾಗದಲ್ಲಿ ನಿಂತಿತು. ಫೋನ್ ಹಚ್ಚಿದೆ.

"ಇದು ಬೀಗದ ಕೆಲಸ ಅಲ್ರಿ," ಎಂದರು ಸ್ವಾಮಿಗಳು. "ಡಿವಿಡಿ ಒಳಗಿನ ಸುತ್ತಿನಿಂದ ಅಂಚಿನ ಕಡೆಗೆ ಓದ್ಕೊಂತ ಹೋಗ್ತೈತಿ. ನಡುವ ಎಲ್ಲೋ ಏನೋ ತಡಿತೈತಿ. ತೆಗೆದು ಹೊಳೆಯೋ ಮೈ ನೋಡ್ರಿ."

ತೆಗೆದು ತಿರುಗಿಸಿ ನೋಡಿದೆ. ತೂತಿಗೂ ಅಂಚಿಗೂ ನಡುವೆ ಮೂರು ಬಿಳಿ ಗೆರೆಗಳು, ಮೂರು ಬೆರಳಿನ ಅಗಲ, ನೀಟಾಗಿ ಒಂದರ ಕೆಳಗೊಂದು. ಎರಡು ದಿನದಿಂದ ಹೆಸರು ಬರೆದ ಮೈಯನ್ನೇ ನೋಡುತ್ತ ಅಂಚು ಹಿಡಿದು ಇಡುತ್ತಿದ್ದೆನೇ ಹೊರತು ಒಮ್ಮೆಯೂ ತಿರುಗಿಸಿರಲಿಲ್ಲ.

"ಅತ್ತೆ, ಇದಕ್ಕೆ ವಿಭೂತಿ ಹಚ್ಚಿದ್ರಾ?"

"ಹಚ್ಚದೇ ಇರ್ತೀನಾ? ಕೊರಿಯರ್ ಬಂದ ದಿನಾನೇ ದೇವ್ರ ಮುಂದಿಟ್ಟು ಹಚ್ಚಿದೆ. ಯಾಕವ್ವ?"

"ಹಿಂದುಗಡೆ ಹಚ್ಚಿದೀರಿ."

"ಅಯ್ಯೋ, ಹೊಳೆಯೋದು ಮುಖ ಅಲ್ಲೇನು? ಬರೆದಿರೋ ಕಡೆ ಹಚ್ಚಿದ್ರೆ ಅಕ್ಷರ ಮುಚ್ಚಿ ಹೋಗ್ತವೆ ಅಂತ ನಾನೇ ನೋಡಿ ಈ ಕಡೆ ಹಚ್ಚಿದ್ದು!"

ಫೋನ್ ಇನ್ನೂ ಕೈಯಲ್ಲಿತ್ತು. ಅತ್ತ ಸ್ವಾಮಿಗಳಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಮಠದಾಗ ತಿಜೋರಿಗೆ ಹಚ್ಚೀವಿ, ಜೀಪಿಗೆ ಹಚ್ಚೀವಿ, ಡಿವಿಡಿಗೆ ನಮಗೂ ಹೊಳೆದಿರ್ಲಿಲ್ಲ ನೋಡ್ರಿ."

ಅತ್ತೆ ನಗಲಿಲ್ಲ. ಅಡುಗೆಮನೆಗೆ ಹೋಗಿ ಕೂತರು. ಊಟಕ್ಕೆ ಕರೆದರೆ ಬೇಡವೆಂದರು. ಕೊನೆಗೆ ಪಕ್ಕದಲ್ಲಿ ಕೂತಾಗ ಮೆಲ್ಲಗೆ, "ಅವರ ಬಾಯಿ ಬಿಡಿಸು ಅಂತ ಬೇಡ್ಕೊಂಡು ಹಚ್ಚಿದ್ದೆ ಕಣವ್ವ. ಬಿಡೋಕೆ ಬಂದ ಬಾಯಿನ ನಾನೇ ಕಟ್ಟಿದಂಗಾಯ್ತು," ಎಂದರು. ಉಗುರುಗಳ ಸಂದಿಯಲ್ಲಿ ಇನ್ನೂ ಬಿಳಿ ಪುಡಿ ಇತ್ತು.

"ತೊಳೆದರೆ ಹೋಗುತ್ತಂತೆ ಅತ್ತೆ. ನೀವೇ ತೊಳೀರಿ, ನಾನು ಹೇಳ್ತೀನಿ," ಎಂದೆ.

ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ, ಮಾವನ ಹಳೆಯ ಪಂಚೆಯ ಮೆತ್ತನೆಯ ತುಂಡು. ಸುತ್ತಲೂ ಉಜ್ಜಬಾರದು, ಮಧ್ಯದ ತೂತಿನಿಂದ ಅಂಚಿಗೆ ನೇರ ಒರೆಸಬೇಕೆಂದು ಸ್ವಾಮಿಗಳು ಹೇಳಿದ್ದರು. ಅತ್ತೆ ಮಗುವಿನ ತಲೆ ಒರೆಸುವ ಹಾಗೆ ಒರೆಸಿದರು. ಯಂತ್ರದೊಳಗೂ ಬೂದಿ ಬಿದ್ದಿರಬಹುದು, ಗಾಳಿ ಊದಿರಿ, ಬಾಯಿಂದ ಮಾತ್ರ ಬೇಡ, ಎಂಜಲು ಹಾರತೈತಿ ಎಂದಿದ್ದರು. ಮಾವನ ಬಿಪಿ ನೋಡುವ ಯಂತ್ರದ ರಬ್ಬರ್ ಬುರುಡೆ ಕಳಚಿ, ಟ್ರೇ ತೆರೆದು ಪುಸ್ ಪುಸ್ ಎಂದು ಊದಿದೆ. ಯಜಮಾನರು ಬ್ಯಾಂಕಿನಿಂದ ಬಂದವರು ಬಾಗಿಲಲ್ಲೇ ನಿಂತು, "ಅದಕ್ಕೂ ಬಿಪಿ ಬಂತಾ?" ಎಂದರು.

ಡಿವಿಡಿ ಹಾಕಿದೆ. ನಿಂತ ಜಾಗ ಬಂತು. ಹಸಿರು ಸೀರೆಯವರು ತುಟಿ ಮುಂದೆ ಮಾಡಿದರು, ಊ ಎಂದರು, ಮುಂದಕ್ಕೆ ಹೋದರು. ಅತ್ತೆ ಕಣ್ಣೊರೆಸಿಕೊಂಡು ಊಟಕ್ಕೆ ತಟ್ಟೆ ಹಾಕಿಕೊಂಡರು.

ಇನ್ನೊಂದು ತೊಡಕು ಉಳಿದಿತ್ತು. ಅಕ್ಷರಗಳು ಮುಗಿದು ಪದಗಳ ಪಾಠ ಶುರುವಾದಾಗ ಗೊತ್ತಾಯಿತು. ಆ ಹೆಂಗಸು ಲೋಟ ತೋರಿಸಿ, "ಇದರಲ್ಲಿ ಏನಿದೆ?" ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ, ಆಮೇಲೆ "ನೀರು" ಎಂದು ತಾವೇ ಹೇಳಿ ಮುಂದಿನದಕ್ಕೆ ಹೋಗುತ್ತಾರೆ. ಆ ಸುಮ್ಮನಿರುವ ಹೊತ್ತು ಮಾವನಿಗೆ ಸಾಲುತ್ತಿರಲಿಲ್ಲ. ಅವರ ಗಂಟಲಲ್ಲಿ ನೀ ಎಂಬುದು ಕದಲುವಷ್ಟರಲ್ಲಿ ಪರದೆಯ ಮೇಲೆ ಬಾಳೆಹಣ್ಣು ಬಂದಿರುತ್ತಿತ್ತು. ಮಾವ ಎಡಗೈಯಿಂದ ಮಂಚಕ್ಕೆ ಗುದ್ದಿದರು.

ಕೀಬೋರ್ಡಿನ ಕೆಳಗಡೆಯ ಉದ್ದ ಕೀಲಿ ಒತ್ತಿದರೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ನಡೆಯುತ್ತದೆ ಎಂದು ಸ್ವಾಮಿಗಳಿಂದಲೇ ತಿಳಿಯಿತು. ಕೀಬೋರ್ಡನ್ನು ಮಂಚಕ್ಕೆ ಎಳೆದುಕೊಂಡು ನಾನು ಪಕ್ಕದಲ್ಲಿ ಕೂರತೊಡಗಿದೆ. ಪ್ರಶ್ನೆ ಬಂದೊಡನೆ ನಿಲ್ಲಿಸುವುದು, ಕಾಯುವುದು. ಕಾಯುವುದು ನನಗೆ ಬರುತ್ತದೆ. ಅತ್ತೆಗೆ ಬರುವುದಿಲ್ಲ.

"ನೀರು ಅನ್ರೀ! ನೀರು! ದಿನಾ ಕುಡಿಯಲ್ವಾ?"

ಮಾವ ಅವರನ್ನು ನೋಡಿದ ನೋಟಕ್ಕೆ ಮಾತೇ ಬೇಕಿರಲಿಲ್ಲ. ಅತ್ತೆ ಹೊರಗೆ ಹೋಗಿ ಸೊಪ್ಪು ಬಿಡಿಸಿದರು. ಐದನೇ ದಿನ ನೀ ಬಂತು. ಎಂಟನೇ ದಿನ, ಕಾದು ಕಾದು ನನ್ನ ಬೆರಳು ಕೀಲಿಯ ಮೇಲೆ ಜೋಮು ಹಿಡಿದಿದ್ದಾಗ, "ನೀ... ಉ" ಎಂದರು. ರು ಎಲ್ಲೋ ಉಳಿಯಿತು. ನಾನು ಸರಿ ಎಂದು ಹೇಳಿ ಮುಂದಕ್ಕೆ ಬಿಟ್ಟೆ. ಅವರು ತಲೆ ಅಲ್ಲಾಡಿಸಿದರು, ಸರಿಯಲ್ಲ ಎಂದು. ಹಿಂದಕ್ಕೆ ಹಾಕಿದೆ.

ಹೋದ ವಾರ ಒಂದು ಬೆಳಿಗ್ಗೆ ಒಗ್ಗರಣೆಗೆ ಇಟ್ಟಿದ್ದೆ. ಅತ್ತೆ ಮಠಕ್ಕೆ ಹೋಗಿದ್ದರು. ಡಿವಿಡಿ ಹಾಕಿಕೊಟ್ಟು, ಕೀಬೋರ್ಡನ್ನು ಮಾವನ ಹತ್ತಿರವೇ ಬಿಟ್ಟು, ಎರಡು ನಿಮಿಷ, ಬಂದೆ ಎಂದು ಹೇಳಿ ಬಂದಿದ್ದೆ. ಹಸಿರು ಸೀರೆಯವರ ದನಿ ಅಡುಗೆಮನೆಗೆ ಕೇಳುತ್ತಿತ್ತು. "ಇದು ಯಾವ ಹಣ್ಣು?" ಎಂದರು. ಆಮೇಲೆ ಸದ್ದಿಲ್ಲ. ಉತ್ತರ ಹೇಳುವ ಹೊತ್ತು ದಾಟಿತು, ಮುಂದಿನ ಪ್ರಶ್ನೆಯ ಹೊತ್ತೂ ದಾಟಿತು. ಎಲ್ಲೋ ಗೀರು ಬಿದ್ದಿರಬೇಕು, ಮತ್ತೆ ತೊಳೆಯಬೇಕೇನೋ ಎಂದುಕೊಂಡು ಸೌಟು ಹಿಡಿದೇ ಓಡಿ ಬಂದೆ.

ಡಿವಿಡಿ ನಿಂತಿರಲಿಲ್ಲ, ಅವರು ನಿಲ್ಲಿಸಿದ್ದರು. ಎಡಗೈಯ ಹೆಬ್ಬೆರಳು ಉದ್ದ ಕೀಲಿಯ ಮೇಲಿತ್ತು. ಪರದೆಯ ಮೇಲೆ ಬಾಳೆಹಣ್ಣು ಅಲುಗದೆ ನಿಂತಿತ್ತು. ಮಾವನ ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು. ಕತ್ತಿನ ನರ ಬಿಗಿಯಿತು. ನಾನು ಬಾಗಿಲಲ್ಲಿ ನಿಂತದ್ದು ಅವರಿಗೆ ಕಂಡಿತು. ಟವೆಲಿನ ಕಡೆ ಕೈ ಹೋಗಲಿಲ್ಲ. ಕಣ್ಣಿನಲ್ಲೇ, ಬಸ್ಸಿನ ಬಾಗಿಲಲ್ಲಿ ನಿಂತವರನ್ನು ಒಳಗೆ ನಡೀರಿ ಎನ್ನುವ ಹಾಗೆ, ಹೋಗು ಎಂದರು. ಹೋದೆ. ಒಲೆ ಆರಿಸುವಾಗ "ಬಾ" ಎಂದು ಕೇಳಿತು. ತುಂಬ ಹೊತ್ತಿನ ಮೇಲೆ "ಳೆ". ಆಮೇಲೆ ಕೀಲಿ ಒತ್ತಿದ ಸದ್ದು, ಹಸಿರು ಸೀರೆಯವರು ಮುಂದಿನದನ್ನು ಕೇಳಿದರು.