ಏರಿ ಕಡಿದ ಬೇಸಿಗೆ

ಮಳೆ ಬರಬಾರದು ಎಂದು ದೇವರಿಗೆ ಕೈಮುಗಿದವಳು ನಾನು. ರೋಣದ ಸೀಮೆಯಲ್ಲಿ ಹುಟ್ಟಿ, ಇಲ್ಲಿಯೇ ಮದುವೆಯಾಗಿ, ಇಲ್ಲಿಯ ಕರಿಮಣ್ಣಿನಲ್ಲಿ ಹೆಸರುಕಾಳು ಬಿತ್ತಿ ಉಂಡವಳು ಹೀಗೆ ಬೇಡಿಕೊಂಡಳು ಎಂದರೆ ಯಾರಾದರೂ ನಂಬುತ್ತಾರೆಯೇ? ನಮ್ಮ ಮನೆಯವರೇ ನಂಬಲಿಲ್ಲ. ದೇವರ ಜಗಲಿಯ ಮುಂದೆ ನಾನು ಗುನುಗುತ್ತಿದ್ದುದು ಕಿವಿಗೆ ಬಿದ್ದು, ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು.

"ಏನಂದಿ? ಮತ್ತೊಮ್ಮಿ ಅನ್ನು."

"ಏನಿಲ್ರಿ."

"ಏನಿಲ್ಲ ಹ್ಯಾಂಗ? ಮಳಿ ತಡಿಯಪಾ ಅಂದಿ. ನಾ ಬೀಜಾ ತಂದು ಇಟ್ಟು ಮುಗಿಲ ನೋಡ್ಕೋತ ಕುಂತೇನಿ, ನೀ ಮಳಿ ತಡಿ ಅಂತಿ. ಹೊರಗ ಯಾರರ ಕೇಳಿದ್ರ ಕಲ್ಲ ಒಗದಾರು."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಆಗ ನಾನು ನಮ್ಮೂರ ಪಂಚಾಯಿತಿಯ ಅಧ್ಯಕ್ಷೆ. ಊರ ಕೆರೆಯ ಏರಿಯಲ್ಲಿ ಟ್ರ್ಯಾಕ್ಟರು ಹೋಗುವಷ್ಟು ಅಗಲದ ಕಂಡಿ ಬಾಯಿ ತೆರೆದು ನಿಂತಿತ್ತು. ಅದನ್ನು ಮುಚ್ಚುವ ಮೊದಲು ದೊಡ್ಡ ಮಳೆ ಬಂದರೆ ಬಂದ ನೀರೆಲ್ಲ ಹಳ್ಳದ ಪಾಲು, ಊರಿಗೆ ಮುಂದಿನ ಮಳೆಗಾಲದವರೆಗೂ ಕುಡಿಯಲು ಕೆರೆಯ ನೀರಿಲ್ಲ. ಆ ಕಂಡಿ ಕಡಿಸಿದ್ದು ನನ್ನ ಮಾತಿನ ಮೇಲೆ.

ಬೆಳವಣಕಿಯ ಕಡೆ ಹೋಗುವ ಬಸ್ಸಿನಿಂದ ಇಳಿದು ಒಳಗೆ ನಡೆಯಬೇಕಾದ ಊರು ನಮ್ಮದು. ನರಗುಂದದವರಿಗೆ ಕಾಲುವೆಯಿದೆ, ಅವರ ಮಾತೇ ಬೇರೆ. ನಮ್ಮಲ್ಲಿ ಎಲ್ಲಿ ಬೋರ್ ಕೊರೆದರೂ ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಚಹಾಕ್ಕೆ ಹಾಕಿದ ಹಾಲು ಒಡೆಯುತ್ತದೆ. ನಳದಲ್ಲಿ ಹೊಳೆಯ ನೀರು ಬರುತ್ತದೆ, ಅದು ಬಂದ ದಿನವೇ ಹಬ್ಬ. ಹೀಗಾಗಿ ಬಾಯಿಗೆ ಕೆರೆಯ ಸಿಹಿನೀರೇ ಗತಿ. ಆ ಕೆರೆಗೆ ಮಡಿ ಬಹಳ. ಏರಿ ಹತ್ತುವ ಮೊದಲು ಚಪ್ಪಲಿ ಬಿಡಬೇಕು. ಬಟ್ಟೆ ಒಗೆಯುವಂತಿಲ್ಲ, ದನ ಇಳಿಸುವಂತಿಲ್ಲ. ಇದಕ್ಕೆ ಬೋರ್ಡು ಹಾಕಿಲ್ಲ. ಊರಿಗೆ ಬಂದ ಹೊಸ ಸೊಸೆ ಮೊದಲ ಕೊಡ ತರುವಾಗಲೇ ಬೈಸಿಕೊಂಡು ಕಲಿಯುತ್ತಾಳೆ, ನಾನು ಕಲಿತಂತೆ.

ಹೂಳು ತುಂಬಿ ತುಂಬಿ ಕೆರೆ ರೊಟ್ಟಿ ಬಡಿಯುವ ಪರಾತದಂತಾಗಿತ್ತು. ಎಷ್ಟು ಮಳೆ ಬಂದರೂ ಸಂಕ್ರಾಂತಿ ದಾಟುತ್ತಲೇ ತಳ ಕಾಣುತ್ತಿತ್ತು. ಹಿಂದೆ ಊರವರೆಲ್ಲ ಬುಟ್ಟಿ ಸಲಿಕೆ ಹಿಡಿದು ಇಳಿದು, ಒಂದು ಮೂಲೆ ಕೆರೆದು, ಸೊಂಟ ಹಿಡಿದುಕೊಂಡು ಮೇಲೆ ಬಂದಿದ್ದರು. ಸರ್ಕಾರದ ಅನುದಾನ ಎಂದರೆ ಮೂಗು ಮುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮೂರ ಶಾಲೆಯ ಕೋಣೆಗಳು, ಅಂಗನವಾಡಿಯ ಚಾವಣಿ, ಕೆಳಗಿನ ಓಣಿಯ ಗಟಾರ ಯಾವುದರಿಂದ ಆದವು? ಕೂಲಿ ಮಾಡುವವರೂ ತುಂಡು ಹೊಲದವರೂ ಸೇರಿ ವಂತಿಗೆಯ ಪಟ್ಟಿ ಎತ್ತಿದರೆ ಗುಡಿಗೆ ಸುಣ್ಣ ಹೊಡೆಸಬಹುದು, ಕೆರೆ ಕಟ್ಟಿಸಲಾಗುವುದಿಲ್ಲ. ಅದಕ್ಕೇ ಅಧ್ಯಕ್ಷೆಯಾದ ಮರುದಿನದಿಂದಲೇ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿ, ಕೆರೆಯ ಕೆಲಸಕ್ಕೆ ಅನುದಾನ ತಂದೆ. ಎರಡು ಕಂತಿನದು. ಮೊದಲ ಕಂತಿನಲ್ಲಿ ಹೂಳು ತೆಗೆಯುವುದು. ಅದನ್ನು ಎಂಜಿನಿಯರ್ ಅಳೆದ ಮೇಲೆ ಎರಡನೆಯದು ಬರುತ್ತದೆ, ಅದರಲ್ಲಿ ಏರಿ ಭದ್ರ ಮಾಡಿ, ಒಳಮೈಗೆ ಕಲ್ಲು ಹಾಸಿ, ಹೆಂಗಸರು ಇಳಿಯುವ ಕಡೆ ಮೆಟ್ಟಿಲು ಕಟ್ಟುವುದು. ಆ ಮೆಟ್ಟಿಲಿನ ಆಸೆ ನನಗೆ ಎಲ್ಲಕ್ಕಿಂತ ಹೆಚ್ಚು. ತುಂಬಿದ ಕೊಡ ಹೊತ್ತು ಆ ಜಾರು ದಂಡೆ ಹತ್ತಿದವರಿಗೇ ಗೊತ್ತು ಅದರ ಸಂಕಟ.

ಗ್ರಾಮಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ನಮ್ಮ ಓಣಿಯ ಒಬ್ಬ ಮುದುಕಿಯನ್ನು ಬಿಟ್ಟು. ಊರಿಗೆಲ್ಲ ಅವಳು ಆಯಿ.

"ಇದ್ದಷ್ಟು ನೀರು ಹೊರಗ ಬಿಟ್ಟು, ಬರೂ ನೀರಿಗಿ ಬಾಯಿ ತಕ್ಕೊಂಡು ಕುಂಡ್ರೂದೇನ ನಮ್ಮವ್ವಾ?" ಎಂದು ಕೇಳಿದಳು.

"ಆಯಿ, ಮಿರಗಿನ ಮಳಿ ಬೀಳೂದ್ರಾಗ ಕೆರಿ ಸಿದ್ಧ ಇರ್ತೈತಿ. ನನ್ನ ಮಾತ ನಂಬ."

"ನಿನ್ನ ಮಾತ ನಂಬ್ತೇನಿ. ಸರ್ಕಾರದ ನಡಗಿ ಭಾಳ ಸಾವಕಾಶ ಐತಿ ನೋಡವಾ, ಅದಕ್ಕ ಅಂಜಿಕಿ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಯುಗಾದಿ ಮುಗಿದ ಮೇಲೆ ಜೆಸಿಬಿ ಬಂತು. ಅದರ ಡ್ರೈವರನಿಗೆ ಚಪ್ಪಲಿ ಬಿಡು ಎಂದರು, ಬಿಟ್ಟ. ಆಮೇಲೆ ಗಾಡಿಯ ಗಾಲಿ ತೊಳೆಯಬೇಕು ಎಂದು ಹಟ ಹಿಡಿದರು. "ಕೆಸರಾಗ ಇಳಿಯೂ ಗಾಲಿ ಯಾಕ್ರಿ ತೊಳೀಬೇಕು?" ಎಂದು ಅವನು ಕೇಳಿದರೆ ಕೇಳುವವರು ಯಾರು? ಹೆಂಗಸರು ಕೊಡಗಟ್ಟಲೆ ನೀರು ಸುರಿದು ನಾಲ್ಕೂ ಗಾಲಿ ತಿಕ್ಕಿ ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದ ಮೇಲೆಯೇ ಅದನ್ನು ಕೆಳಗೆ ಬಿಟ್ಟದ್ದು. ಟ್ರ್ಯಾಕ್ಟರುಗಳು ಒಳಗೆ ಹೋಗಿಬರಲು ಏರಿ ಕಡಿದದ್ದು ಆಗಲೇ. ಮೋಟರು ಹಚ್ಚಿ ತಗ್ಗಿನಲ್ಲಿ ಉಳಿದಿದ್ದಷ್ಟು ನೀರು ಹೊರಗೆ ಬಿಟ್ಟ ದಿನ ಆಯಿ ಮನೆಯಿಂದ ಹೊರಗೆ ಬರಲಿಲ್ಲ. ಉಳಿದವರಿಗೆಲ್ಲ ಸಡಗರ. ಹೂಳನ್ನು ರೈತರು ತಮ್ಮ ತಮ್ಮ ಹೊಲಕ್ಕೆ ಹೇರಿಕೊಂಡು ಹೋದರು. ಕೆರೆ ಆಳವಾಗುತ್ತ ಹೋಯಿತು. ಏರಿಯ ಮೇಲೆ ನಿಂತು ನೋಡಿದರೆ ನನ್ನ ಎದೆ ಉಬ್ಬುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೂಳು ತೆಗೆದಾದ ಮೇಲೆ ಗುತ್ತಿಗೆದಾರ ತನ್ನ ಜೆಸಿಬಿ ಹೊಡೆದುಕೊಂಡು ಗಜೇಂದ್ರಗಡದ ಕಡೆ ಬೇರೆ ಕೆಲಸಕ್ಕೆ ಹೋಗಿಬಿಟ್ಟ. ಫೋನು ಮಾಡಿದರೆ, "ಅಕ್ಕಾರ, ಅಳತಿ ಆಗ್ಲಿ, ಬಿಲ್ ಪಾಸ್ ಆಗ್ಲಿ, ಮರುದಿನಾನ ಬಂದು ಏರಿ ಮುಚ್ಚತೇನ್ರಿ. ಬರೇ ಗಾಳಿ ಹಾಕಿದ್ರ ಗಾಡಿ ಓಡೂದಿಲ್ಲಲ್ರಿ," ಎಂದ. ನಾನು ಅಳತೆಗೆ ಹೇಳಲು ಬಸ್ಸು ಹತ್ತಿ ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಅಲ್ಲಿ ಈಗ ಇರುವವರು ಬೇರೆ, ಅವರನ್ನು ಯಾಕೆ ನೋಯಿಸಲಿ. ಎಂಜಿನಿಯರ್ ಸಣ್ಣ ವಯಸ್ಸಿನವರು, ಮೇಜಿನ ಮೇಲೆ ಕಾಗದದ ಗುಡ್ಡ. ಇನ್ನೊಂದು ತಾಲೂಕಿನ ಕೆಲಸವೂ ಅವರ ತಲೆಯ ಮೇಲೆಯೇ ಇತ್ತು.

"ಬರ್ತೇನ್ರಿ ಅಕ್ಕಾರ, ಈ ವಾರದಾಗ ಬರ್ತೇನಿ," ಎಂದರು.

"ಸಾಹೇಬ್ರ, ಮಳಿ ದಿವಸ ಹತ್ರ ಬಂದಾವು. ಅಲ್ಲೀ ತನಕ ಆ ಕಂಡಿ ನಾವ ಮುಚ್ಚಿಕೋತೇವಿ."

ಅವರು ಗಾಬರಿಯಾಗಿ ಕುರ್ಚಿಯಿಂದ ಎದ್ದರು. "ಅಯ್ಯ, ಮುಟ್ಟಬ್ಯಾಡ್ರಿ! ಹೂಳು ಎಷ್ಟ ಆಳ ತಗದಾರ ಅನ್ನೂದು ಒಣಾ ತಳದಾಗ ಅಳೀಬೇಕು. ಏರಿಗಿ ಪದರ ಪದರ ಮಣ್ಣ ಹಾಕಿ ರೋಲರ್ ಹೊಡಿಸಬೇಕು, ಹಂಗ ಮಂಜೂರಾಗೇತಿ. ನೀವ ಮುಚ್ಚಿದ್ರ ಅದು ಮಂಜೂರಾದ ಕೆಲಸ ಅಲ್ಲ ಅಂತಾರು. ಎರಡನೇ ಕಂತು ವಾಪಸ್ ಹೋಗ್ತೈತ್ರಿ. ನಾ ಬರೂ ತನಕ ಒಂದ ಬುಟ್ಟಿ ಮಣ್ಣ ಹಾಕಬ್ಯಾಡ್ರಿ."

ಊರಿಗೆ ಬಂದು ಹಾಗೆಯೇ ಹೇಳಿದೆ. ಕಾಯ್ದೆವು. ಆ ವಾರ ಹೋಯಿತು, ಮುಂದಿನದೂ ಹೋಯಿತು. ಒಮ್ಮೆ ಹೋದರೆ ತರಬೇತಿಗೆ ಹೋಗಿದ್ದಾರೆ, ಇನ್ನೊಮ್ಮೆ ಹೋದರೆ ಮೇಲಿನವರ ಮೀಟಿಂಗು. ಮತ್ತೊಮ್ಮೆ ಸಿಕ್ಕರು, ಆದರೆ ಜೀಪು ಸಿಕ್ಕಿರಲಿಲ್ಲ. ಬಸ್ಸಿನಲ್ಲಿ ಬರ್ರಿ, ನಾನೇ ಟಿಕೀಟು ತೆಗೆಸುತ್ತೇನೆ ಎಂದು ಜಗಳವಾಡಿದೆ. ಅಳತೆಗೆ ಇನ್ನಿಬ್ಬರು ಬೇಕು, ಸಾಮಾನು ಬೇಕು ಎಂದು ಅವರು ಮುಖ ತಗ್ಗಿಸಿದರು. ಕೆಟ್ಟ ಮನುಷ್ಯರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಅದೂ ಆಗಲಿಲ್ಲ.

ಊರಲ್ಲಿ ಟ್ಯಾಂಕರು ಬಂದಾಗ ಹೆಂಗಸರು ಜುಟ್ಟು ಹಿಡಿದು ಜಗಳ ಮಾಡುವಂತಾಯಿತು. ನಮ್ಮ ಅತ್ತೆ ಸವಳು ನೀರಲ್ಲಿ ಬೇಳೆ ಕುದಿಸಿ ಕುದಿಸಿ ಬೇಸತ್ತು, ಗಟ್ಟಿ ಕಾಳುಗಳನ್ನೇ ನನ್ನ ತಾಟಿಗೆ ಬಡಿಸಿ, "ಉಣ್ಣವಾ ಅಧ್ಯಕ್ಷಿ," ಎಂದು ಒಳಗೆ ಹೋದರು. ನಾನು ಆ ಕಾಳುಗಳನ್ನೇ ಅಗಿದು ಉಂಡೆ. ಅತ್ತ ರೋಹಿಣಿ ಮಳೆಯ ಮೋಡಗಳು ಬಂದು ಹೋಗತೊಡಗಿದವು. ಕಟ್ಟೆಯ ಮೇಲೆ ಕುಳಿತವರು ಮುಗಿಲು ನೋಡಿ, ಈ ಸಲ ಹೆಸರು ಲಗೂ ಬಿತ್ತಬಹುದು ಎಂದು ಖುಷಿಯಿಂದ ಮಾತಾಡುತ್ತಿದ್ದರೆ ನಾನು ಮುಖ ತಿರುಗಿಸಿ ಬೇರೆ ಓಣಿ ಹಿಡಿಯುತ್ತಿದ್ದೆ. ಗುಡುಗಿದರೆ ಸಾಕು, ಕೆರೆಯ ಕಡೆ ಓಡುತ್ತಿದ್ದೆ. ಯಾರ ಮುಂದೆ ಹೇಳಲಿ? ಹೊಲ ಉಂಟು, ಬೀಜ ಉಂಟು, ಮಳೆ ಬೇಡ ಎನ್ನುವ ಬಾಯಿಗೆ ಹುಳ ಬೀಳಲಿ ಎಂದು ನನ್ನನ್ನು ನಾನೇ ಶಪಿಸಿಕೊಂಡು, ಮತ್ತೆ ಜಗಲಿಯ ಮುಂದೆ ನಿಂತು ಅದನ್ನೇ ಬೇಡುತ್ತಿದ್ದೆ.

ಮಿರಗ ಕೂಡಿತು, ಮೃಗಶಿರಾ ಮಳೆಯ ದಿನಗಳು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಪಡುವಣದಲ್ಲಿ ಕಟ್ಟಿದ ಮೋಡ ಹಿಂದಿನವುಗಳ ಹಾಗಿರಲಿಲ್ಲ. ಗಾಳಿ ನಿಂತುಬಿಟ್ಟಿತು. ನಾನು ಎದ್ದೆನೋ ಬಿದ್ದೆನೋ ಎಂದು ಕೆರೆಗೆ ಓಡಿದೆ. ಕಂಡಿಯ ಬಾಯಿಯಲ್ಲಿ ನಿಂತು ಎಂಜಿನಿಯರ್ ಸಾಹೇಬರಿಗೆ ಫೋನು ಹಚ್ಚಿದೆ.

"ನಾಳಿ ಮುಂಜಾನಿ ಖರೇನ ಬರ್ತೇನ್ರಿ ಅಕ್ಕಾರ. ಜೀಪ್ ಸಿಗ್ಲಿಲ್ಲಂದ್ರ ನನ್ನ ಗಾಡಿ ಮ್ಯಾಲ ಸಾಮಾನು ಕಟ್ಕೊಂಡು ಬರ್ತೇನಿ, ಟೇಪ್ ಹಿಡ್ಯಾಕ ನಿಮ್ಮೂರವರ ಇಬ್ರು ಇರ್ಲಿ. ಇವತ್ತೊಂದಿನ ತಡೀರಿ."

"ನಾ ತಡೀತೇನ್ರಿ ಸಾಹೇಬ್ರ. ಮೋಡಕ್ಕ ಯಾರು ಹೇಳೂದು?"

ಫೋನು ಇಟ್ಟು ತಿರುಗಿ ನೋಡಿದರೆ ಅರ್ಧ ಊರು ಏರಿಯ ಮೇಲೆ ಬಂದು ನಿಂತಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಬಾಯಿಗೆ ಬಾಯಿ ಕೊಡುತ್ತಿದ್ದೆ. "ಅಧ್ಯಕ್ಷರ, ಏನ್ ಮಾಡೂಣ್ರಿ?" ಎಂದು ಯಾರೋ ಮೆಲ್ಲಗೆ ಕೇಳಿದರು. ಮಣ್ಣು ಹಾಕಿದರೆ ಏರಿಯ ಕಲ್ಲು, ಹೆಂಗಸರ ಮೆಟ್ಟಿಲು, ನಾನು ವರ್ಷಗಟ್ಟಲೆ ಅಲೆದು ತಂದದ್ದರ ಅರ್ಧ ಪಾಲು ಹೋಗುತ್ತದೆ. ಹಾಕದಿದ್ದರೆ ನೀರು ಹೋಗುತ್ತದೆ. ಇಂಥ ಲೆಕ್ಕ ಮಾಡಲು ಯಾವ ಪುಣ್ಯಾತ್ಮ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದನೋ! ಅಲ್ಲೇ ಬಿದ್ದಿದ್ದ ಒಂದು ಬುಟ್ಟಿ ತೆಗೆದುಕೊಂಡು, ಕೈಯಿಂದಲೇ ಮಣ್ಣು ಗೋರಿ, ಕಂಡಿಗೆ ಸುರಿದೆ.

"ನೋಡ್ಕೋತ ಏನ ನಿಂತೀರಿ, ಹಾಕ್ರಿ ಮಣ್ಣ!" ಎಂದು ಕೂಗಿದೆ.

ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಹೂಳು ಹೊತ್ತೊಯ್ದ ಟ್ರ್ಯಾಕ್ಟರುಗಳೇ ಸಣ್ಣ ಕಲ್ಲು ಬೆರೆತ ಗರಸು ಮಣ್ಣು ತಂದು ಸುರಿದವು. ಹೆಂಗಸರು ಬುಟ್ಟಿ ದಾಟಿಸಿದರು. ನಮ್ಮ ಮನೆಯವರು ಬಿತ್ತನೆಗೆ ಇಟ್ಟ ಬೀಜವನ್ನು ಮನೆಯ ನೆಲಕ್ಕೆ ಸುರಿದು, ಆ ಚೀಲಗಳಲ್ಲೇ ಮಣ್ಣು ತುಂಬಿಕೊಂಡು ಬಂದರು. ನನ್ನ ಪಕ್ಕದಲ್ಲಿ ಚೀಲ ಇಳಿಸುತ್ತ, "ಅಷ್ಟು ಬೇಡ್ಕೊಂಡಿ, ನಿನ್ನ ದೇವ್ರಿಗೆ ಕಿವಿನ ಕೇಳೂದಿಲ್ಲ ನೋಡು," ಎಂದರು. ಆ ಹೊತ್ತಿನಲ್ಲೂ ನನಗೆ ನಗು ಬಂತು.

ಆದರೆ ಹಾಕಿದ ಮಣ್ಣು ಸಡಿಲ. ಎಷ್ಟು ತುಳಿದರೂ ಕಾಲು ಹೂತುಹೋಗುತ್ತಿತ್ತು. ನೀರಿನ ಮೊದಲ ಹೊಡೆತಕ್ಕೇ ಕೊಚ್ಚಿಹೋಗುತ್ತದೆ ಎಂದು ಎಲ್ಲರಿಗೂ ಕಾಣುತ್ತಿತ್ತು. ಆಗ ಕುರಿ ಕಾಯುವ ಕಾಕಾ ಒಬ್ಬರು, "ಕುರಿ ಹಾಯಿಸೂಣೇನ್ರಿ? ಅವು ತುಳದ್ರ ನೆಲ ಗಟ್ಟಿ ಆಗ್ತೈತಿ," ಎಂದರು. ದನ ಇಳಿಸದ ಕೆರೆಯ ಏರಿಯ ಮೇಲೆ ಕುರಿಹಿಂಡು! ಎಲ್ಲರೂ ಬುಟ್ಟಿ ದಾಟಿಸುವ ಸಾಲಿನಲ್ಲಿದ್ದ ಆಯಿಯ ಮುಖ ನೋಡಿದರು. ಅವಳು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, "ಹಾಯಿಸ್ರೋ ಲಗೂನ," ಎಂದಳು. ಒಂದು ಪದರ ಮಣ್ಣು, ಅದರ ಮೇಲೆ ಹಿಂಡು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ಮತ್ತೆ ಮಣ್ಣು, ಮತ್ತೆ ಹಿಂಡು. ಮೊದಲ ಹನಿ ಬೀಳುವಾಗಲೂ ಕುರಿಗಳು ಅರಚುತ್ತ ತುಳಿಯುತ್ತಿದ್ದವು.

ಸಂಜೆಯ ಮಳೆ ಕಣ್ಣು ಬಿಡಗೊಡಲಿಲ್ಲ. ಹೊಲಗಳ ನೀರು ಕಪ್ಪಗೆ ಕೆರೆಗೆ ನುಗ್ಗಿ ಬಂತು. ಏರಿಯ ಬುಡದಲ್ಲಿ ಒಂದು ಕಡೆ ಸೋರತೊಡಗಿದಾಗ ಗಂಡಸರು ಚೀಲಗಳನ್ನು ತಂದು ಒತ್ತಿದರು. ಏರಿ ನಿಂತಿತು. ಜನ ಕೇಕೆ ಹಾಕಿದರು, ಒಬ್ಬರನ್ನೊಬ್ಬರು ಹಿಡಿದುಕೊಂಡು ಮಳೆಯಲ್ಲೇ ಕುಣಿದರು. ನಾನು ಕೆಸರಿನಲ್ಲಿ ಕುಳಿತು ಗೊಳೋ ಎಂದು ಅತ್ತೆ. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡರು.

ಮರುದಿನ ಮುಂಜಾನೆ ಎಂಜಿನಿಯರ್ ಸಾಹೇಬರು ಹೇಳಿದಂತೆ ಬಂದರು. ಎರೆಮಣ್ಣಿನಲ್ಲಿ ಗಾಡಿ ಸಿಕ್ಕಿಬಿದ್ದು, ಕೊನೆಯ ದಾರಿಯನ್ನು ನಡೆದು, ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಏರಿ ಹತ್ತಿದರು. ನೀರು ನೋಡಿ ಹೆಗಲಿನ ಸಾಮಾನಿನ ಚೀಲ ಕೆಳಗಿಟ್ಟರು.

"ಇನ್ನ ನಾ ಏನ್ ಅಳೀಲ್ರಿ ಅಕ್ಕಾರ?"

"ಕೋಲ ಇಳಿಸಿ ಅಳೀರಿ."

"ಕೋಲಿಗಿ ಸಿಗೂದು ನಿನ್ನಿ ಬಂದ ಕೆಸರು. ಅದನ್ನ ಬರದ್ರ ಮ್ಯಾಲಿನವರು ಒಪ್ಪೂದಿಲ್ಲ. ಏರಿ ನೋಡಿದ್ರ ನೀವ ಮುಚ್ಚೀರಿ." ಅವರು ಚೀಲದಿಂದ ಹಾಳೆ ಪೆನ್ನು ತೆಗೆದರು. "ಎರಡ ದಾರಿ ಅದಾವ್ರಿ. ಕೆರಿ ಖಾಲಿ ಮಾಡಿಸಿ ಕೊಡ್ರಿ, ಅಳೀತೇನಿ. ಇಲ್ಲಾಂದ್ರ ಉಳದ ಕೆಲಸ ಊರಿಗಿ ಬ್ಯಾಡಾಗೇತಿ ಅಂತ ನೀವ ಬರದು ಸಹಿ ಮಾಡ್ರಿ. ಹಂಗ ಬರದ್ರ ತಪ್ಪು ನಿಮ್ಮ ಮ್ಯಾಲೂ ಬರೂದಿಲ್ಲ, ನನ್ನ ಮ್ಯಾಲೂ ಬರೂದಿಲ್ಲ."

ಕೆರೆ ಖಾಲಿ ಮಾಡುವ ಮಾತು ಕೇಳಿ ಗಂಡಸರು ಗೊಳ್ಳೆಂದು ನಕ್ಕರು. ನನಗೆ ನಗಲಾಗಲಿಲ್ಲ. ಅದೇ ಹೊತ್ತಿಗೆ ಹೆಂಗಸರು ಮೊದಲ ನೀರಿಗೆ ಕೊಡ ಹಿಡಿದು ದಂಡೆ ಇಳಿಯುತ್ತಿದ್ದರು. ಆಯಿ ಇಬ್ಬರ ಕೈ ಹಿಡಿದುಕೊಂಡು, ಹಿಮ್ಮಡಿ ಊರಿ, ಕುಳಿತು ಜಾರಿಕೊಂಡೇ ಕೆಳಗೆ ಹೋದಳು. ನಾನು ಸಾಹೇಬರ ಕೈಯಿಂದ ಹಾಳೆ ಪೆನ್ನು ತೆಗೆದುಕೊಂಡೆ. ಕಲ್ಲು ಹಾಸುವುದು ಬೇಡ, ಮೆಟ್ಟಿಲು ಬೇಡ, ಉಳಿದ ಯಾವ ಕೆಲಸವೂ ನಮ್ಮೂರಿಗೆ ಬೇಡ ಎಂದು ನನ್ನ ಕೈಯಾರೆ ಬರೆದು ಸಹಿ ಮಾಡಿದೆ. ನಮಗೆ ಬೇಕಾಗಿತ್ತು.