ಧರ್ಮಾಸ್ಪತ್ರೆಯ ತೀರ್ಥ

ಕಳೆದ ವಾರ ನನಗೆ ಕೆಮ್ಮು ಬಂದಿತ್ತು. ಇದರಲ್ಲಿ ಓದುಗರಿಗೆ ಆಸಕ್ತಿ ಹುಟ್ಟಿಸುವಂಥದ್ದು ಏನೂ ಇಲ್ಲವೆಂದು ಬಲ್ಲೆ. ಮೇಷ್ಟರ ಕೆಮ್ಮಿಗೆ ಬೆಲೆ ಕೊಡುವವರು ಅವನ ತರಗತಿಯ ಹುಡುಗರು ಮಾತ್ರ. ಅವರೂ ಈಚೆಗೆ ಅದನ್ನು ಪಾಠ ಮುಗಿಯುವ ಸೂಚನೆಯೆಂದು ತಿಳಿದು ಪುಸ್ತಕ ಮಡಚತೊಡಗಿದ್ದಾರೆ. ಹೀಗಾಗಿ ಹುಣಸೂರಿನ ಆಸ್ಪತ್ರೆಗೆ ಹೋಗಿ ಒಂದು ಬಾಟಲಿ ಮಿಕ್ಸ್ಚರ್ ತಂದೆ. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ 'ಕುಡಿಯುವ ಮುಂಚೆ ಅಲುಗಿಸುವುದು' ಎಂದಿತ್ತು. ಅಲುಗಿಸಿದೆ. ಅಳತೆಯ ಲೋಟ ಕೈಗೆ ಸಿಗದೆ ಅಂಗೈಗೇ ಸುರಿದುಕೊಂಡು ಕುಡಿದೆ. ಕುಡಿದವನು, ಯೋಚನೆಯೇ ಇಲ್ಲದೆ, ಒದ್ದೆ ಕೈಯನ್ನು ನೆತ್ತಿಗೆ ಒರೆಸಿಕೊಂಡೆ.

ಒಲೆಯ ಮುಂದೆ ಕುಳಿತಿದ್ದ ನನ್ನ ಹೆಂಡತಿ ಅದನ್ನು ನೋಡಿ, "ಯಾವ ಗುಡಿದು ತೀರ್ಥ?" ಎಂದು ಕೇಳಿದಳು. ಕೇಳಿದವಳು ನಗಲಿಲ್ಲ, ನಾನೂ ನಗಲಿಲ್ಲ. ಹೋದ ಶ್ರಾವಣದಲ್ಲಿ ತೀರಿಕೊಂಡ ನನ್ನ ಅಣ್ಣನ ನೆನಪು ಇಬ್ಬರಿಗೂ ಒಟ್ಟಿಗೇ ಬಂದಿತ್ತು.

ಅಣ್ಣ ಹೆಗ್ಗಡದೇವನಕೋಟೆಯ ಧರ್ಮಾಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ. ಧರ್ಮಾಸ್ಪತ್ರೆ ಎಂಬ ಮಾತನ್ನು ಮೊದಲು ಯಾರು ಕಟ್ಟಿದರೋ ತಿಳಿಯದು. ಬಿಟ್ಟಿ ಔಷಧ ಕೊಡುವ ಜಾಗ ಎಂಬಷ್ಟೇ ಅರ್ಥಕ್ಕೆ ಅವರು ಅದನ್ನು ಕಟ್ಟಿರಬೇಕು. ಆದರೆ ನಮ್ಮ ಸಂಜೆಯ ಗೆಳೆಯರು ಹೊಳೆಯ ಸೇತುವೆಯ ಕಟ್ಟೆಯ ಮೇಲೆ ಕುಳಿತು, ವಿಜ್ಞಾನವೂ ದೇವರೂ ಒಂದೇ ಮನೆಯಲ್ಲಿ ಬಾಳಲು ಸಾಧ್ಯವೇ ಎಂದು ಗಂಟಲು ಹರಿಯುವಂತೆ ವಾದಿಸುವಾಗಲೆಲ್ಲ ನನಗೆ ಆ ಪದ ನೆನಪಾಗುತ್ತದೆ. ಧರ್ಮ ಒಂದು ಕಡೆ, ಆಸ್ಪತ್ರೆ ಒಂದು ಕಡೆ, ನಡುವೆ ಒಂದು ಸಂಧಿ. ವ್ಯಾಕರಣದ ಮಟ್ಟಿಗಾದರೂ ವ್ಯಾಜ್ಯ ಎಂದೋ ಬಗೆಹರಿದಿದೆ.

ಗೆಳೆಯರು ನನ್ನ ಅಭಿಪ್ರಾಯ ಕೇಳಿದರೆ ನಾನು ಹೊಳೆ ನೋಡುತ್ತೇನೆ. ಬೆಳಗ್ಗೆ ಹುಡುಗರಿಂದ ಮಳೆ ಬೆಳೆ ಕೊಡು ದೇವರೇ ಎಂದು ಪ್ರಾರ್ಥನೆ ಹಾಡಿಸಿ, ಒಳಗೆ ಹೋದ ಕೂಡಲೇ ಸಮುದ್ರದ ನೀರು ಆವಿಯಾಗಿ ಮೋಡವಾಗುವ ವಸ್ತುಪಾಠ ಮಾಡುವವನು ನಾನು. ಇವೆರಡರಲ್ಲಿ ಯಾವುದು ಸರಿ ಎಂದು ಯಾವ ಹುಡುಗನೂ ಈವರೆಗೆ ಎದ್ದು ನಿಂತು ಕೇಳಿಲ್ಲ. ಕೇಳಿದ್ದರೆ ಬಹುಶಃ ಕೆಮ್ಮುತ್ತಿದ್ದೆ. ಇನ್ನು ನಾನು ನೋಡುವ ಆ ಹೊಳೆಯ ಹೆಸರೋ ಲಕ್ಷ್ಮಣತೀರ್ಥ. ತಮ್ಮನ ಹೆಸರಿನ ಹೊಳೆಯ ದಡದಲ್ಲಿ ತಮ್ಮನಾದ ನಾನು ಮನೆ ಮಾಡಿದಾಗ ಅಣ್ಣನಿಗೆ ಬಹಳ ಸಂತೋಷವಾಗಿತ್ತು. ಸಂತೋಷಪಟ್ಟು, ಅದರ ನೀರನ್ನು ಕುದಿಸದೆ ಕುಡಿಯಬಾರದೆಂದು ನನ್ನ ಹೆಂಡತಿಯಿಂದ ಮಾತು ತೆಗೆದುಕೊಂಡು ಹೋದ. ಅಂದಿನಿಂದ ತೀರ್ಥವನ್ನೇ ಕುದಿಸಿ ಕುಡಿಯುವ ಸಂಸಾರ ನಮ್ಮದು.

ನಮ್ಮೂರು ಅದೇ ಹೆಗ್ಗಡದೇವನಕೋಟೆಗೆ ಹತ್ತಿರ, ಕಪಿಲೆಯ ದಡದಲ್ಲಿದೆ. ನಮ್ಮದು ಬೇಸಾಯದ ಮನೆ. ಊರ ಈಶ್ವರನ ಗುಡಿಯ ಪೂಜೆಯೂ ನಮ್ಮ ಮನೆತನಕ್ಕೇ ಸೇರಿದ್ದರಿಂದ ಅಪ್ಪ ಬೆಳಗ್ಗೆ ಗುಡಿಯಲ್ಲಿದ್ದು ಆಮೇಲೆ ಹೊಲಕ್ಕೆ ಹೋಗುತ್ತಿದ್ದರು. ಊರಿನವರು ಬಂದು ಬಲಗೈ ಚಾಚಿ, ಎಡಗೈಯನ್ನು ಅದರ ಕೆಳಗೆ ಇಟ್ಟರೆ ಅಪ್ಪ ಉದ್ಧರಣೆಯಿಂದ ಮೂರು ಸಲ ತೀರ್ಥ ಬಿಡುವರು. ಬಂದವರು ಕುಡಿದು, ಕೈಯಲ್ಲುಳಿದ ತೇವವನ್ನು ತಲೆಗೆ ಒರೆಸಿಕೊಂಡು ಹೋಗುವರು. ಮುಂದೆ ಅದೇ ಕೈಗಳು ಅಣ್ಣನ ಮುಂದೆಯೂ ಚಾಚುವುವು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಮಳೆ ನಿಂತ ಮೇಲೆ ನಮ್ಮ ಕಡೆ ಚಳಿಜ್ವರ ಹಳ್ಳಿ ಹಳ್ಳಿಯನ್ನೇ ಮಲಗಿಸುತ್ತಿತ್ತು. ಅದಕ್ಕೆ ಕೊಯಿನಾ, ಅಂದರೆ ಕ್ವಿನೈನ್, ಮಿಕ್ಸ್ಚರ್ ಒಂದೇ ಮದ್ದು. ಬಾಟಲಿಗೆ ತುಂಬಿ ಕೊಟ್ಟರೆ ಕಹಿಗೆ ಹೆದರಿ ಜನ ದಾರಿಯಲ್ಲೇ ಚೆಲ್ಲಿ ಹೋಗುವರೆಂದು ಮೊದಲ ಗುಟುಕನ್ನು ಅಲ್ಲೇ ಕುಡಿಸಬೇಕೆಂಬ ನಿಯಮ. ಕುಡಿಸಲು ಇದ್ದದ್ದು ಒಂದೇ ಒಂದು ಔನ್ಸ್ ಲೋಟ. ಅದು ಎಲ್ಲರ ಬಾಯಿಗೂ ತಾಗಿದ ಎಂಜಲು ಎಂದು ಜನ ಮುಟ್ಟಲೊಲ್ಲರು. ಅಣ್ಣ ಹೋಗಿ ಡಾಕ್ಟರಿಗೆ ಹೇಳಿದ. ದೊಡ್ಡ ಓದು ಓದಿದ್ದ ಆ ಡಾಕ್ಟರು ಲೋಟವನ್ನು ತಿರುಗಿಸಿ ನೋಡಿ, ಜನ ಹೇಳುವುದು ಸರಿಯಾಗಿಯೇ ಇದೆ, ಒಬ್ಬನ ಬಾಯಿಯ ಕ್ರಿಮಿ ಇನ್ನೊಬ್ಬನಿಗೆ ಹತ್ತುತ್ತದೆ ಎಂದರಂತೆ. ಎಂಜಲು ಒಂದು ದಾರಿಯಲ್ಲಿ ಬಂತು, ಕ್ರಿಮಿ ಇನ್ನೊಂದು ದಾರಿಯಲ್ಲಿ ಬಂತು, ಎರಡೂ ಕೂಡಿ ಪಾಪದ ಲೋಟವನ್ನು ಕಪಾಟಿಗೆ ಸೇರಿಸಿದವು. ಅಣ್ಣ ಮಿಕ್ಸ್ಚರನ್ನು ಅಂಗೈಗೆ ಸುರಿಯತೊಡಗಿದ. ಒಂದು ಔನ್ಸು ಒಂದೇ ಅಂಗೈಯಲ್ಲಿ ಹಿಡಿಯದು. ಮೂರು ಸಲ ಸುರಿಯಬೇಕಾಗುತ್ತಿತ್ತು.

ಮೂರು ಸಲ ಸುರಿದ ಮೇಲೆ ನಮ್ಮ ಜನರ ಕೈ ಸುಮ್ಮನಿದ್ದೀತೇ? ಅದು ತಾನಾಗಿಯೇ ತಲೆಗೆ ಹೋಯಿತು. ಮಕ್ಕಳಿಗೂ ಹಿಡಿಸಲೆಂದು ಅಣ್ಣ ಅದಕ್ಕೆ ಸಕ್ಕರೆ ಪಾಕ ಬೆರೆಸಿರುತ್ತಿದ್ದ. ಕೂದಲಿಗೆ ಜಿಡ್ಡು, ಜಿಡ್ಡಿಗೆ ನೊಣ. ಅವನು ದಿನವೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: "ತಲೆಗೆ ಒರೆಸ್ಕಬ್ಯಾಡ್ರಪ್ಪ, ಜಿಡ್ಡಾಯ್ತದೆ." ಅವನ ಮಾತನ್ನು ಯಾರೂ ಕೇಳಲಿಲ್ಲ. ಒಬ್ಬ ಮುದುಕಿಯಂತೂ ಎಲ್ಲರೆದುರಿಗೆ, "ನೀ ಉಯ್ಯದ ಉಯ್ಯಿ ಕಣ್ ಮಗ. ಕೈ ನಂದು, ತಲೆ ನಂದು," ಎಂದು ಅವನ ಬಾಯಿ ಮುಚ್ಚಿಸಿದಳು. ಅಣ್ಣ ಈ ಕಥೆಯನ್ನು ನಮ್ಮ ಮನೆಗೆ ಬಂದಾಗಲೆಲ್ಲ ಹೇಳುತ್ತಿದ್ದ. ಹೇಳುವಾಗ ಮುದುಕಿಯ ದನಿ ಸ್ವಲ್ಪ ಜೋರಾಗುತ್ತಾ, ಅವನ ದನಿ ಸ್ವಲ್ಪ ಸಣ್ಣದಾಗುತ್ತಾ ಬಂತು.

ಒಂದು ವರ್ಷ ದಸರೆಯ ರಜಕ್ಕೆ ನಾನು ಊರಿಗೆ ಹೋದಾಗ ಅಪ್ಪ ಜ್ವರದಲ್ಲಿ ಮಲಗಿದ್ದರು. ಎರಡು ಕಂಬಳಿ ಹೊದೆಸಿದರೂ ಹಲ್ಲು ಕಟಕಟನೆ ಕಡಿಯುತ್ತಿತ್ತು. ಅದೇ ಜ್ವರದಲ್ಲಿ ಪಕ್ಕದ ಬೀದಿಯ ಇಬ್ಬರು ಆಗಲೇ ಹೋಗಿದ್ದರು. ಅಣ್ಣ ಕೋಟೆಯಿಂದ ಬಾಟಲಿ ಹಿಡಿದು ಬಂದ. ಅಪ್ಪ ಅದನ್ನು ಮುಟ್ಟಲಿಲ್ಲ. ಆಸ್ಪತ್ರೆಯ ಔಷಧದಲ್ಲಿ ಸಾರಾಯಿ ಬೆರೆಸುತ್ತಾರೆಂದು ಊರೆಲ್ಲ ಮಾತಿತ್ತು. ಅದನ್ನು ಕುಡಿದ ಬಾಯಲ್ಲಿ ನಾಳೆ ಗರ್ಭಗುಡಿಯಲ್ಲಿ ಮಂತ್ರ ಹೇಳುವುದು ಹೇಗೆಂಬುದು ಅವರ ಸಂಕಟ. ಸತ್ತರೆ ಪೂಜೆಗೆ ತನ್ನ ತಮ್ಮನ ಮಗನಿದ್ದಾನೆ, ಶುದ್ಧ ಕೆಟ್ಟರೆ ತನಗೆ ಯಾರಿದ್ದಾರೆ ಎಂದು ಗೋಡೆಯ ಕಡೆಗೆ ತಿರುಗಿಬಿಟ್ಟರು.

ಅಣ್ಣ ಸಿಟ್ಟಾಗಲಿಲ್ಲ. ಇದರಲ್ಲಿ ಸಾರಾಯಿ ಇಲ್ಲ, ಇದು ಒಂದು ಮರದ ಚಕ್ಕೆಯಿಂದ ತೆಗೆದದ್ದು ಎಂದು ವಿವರಿಸಿದ. ಅಪ್ಪ ಕಂಬಳಿಯೊಳಗಿನಿಂದಲೇ ಕೇಳಿದರು: "ಆ ಮರವ ನಿಮ್ ಡಾಕ್ಟ್ರು ಉಟ್ಟಿಸುದ್ರ?" ಇಲ್ಲವೆಂದು ಅಣ್ಣ ಒಪ್ಪಿಕೊಂಡ. ಹಾಗಾದರೆ ಈಶ್ವರನ ಮುಂದೆ ಇಟ್ಟು, ತಾಮ್ರದ ಪಂಚಪಾತ್ರೆಯಲ್ಲಿ ಕೊಟ್ಟರೆ ಕುಡಿಯುತ್ತೇನೆ ಎಂದು ಅಪ್ಪ ಒಂದು ಹೆಜ್ಜೆ ಮುಂದೆ ಬಂದರು. ಈಗ ತೊಡಕಾದದ್ದು ಅಣ್ಣನಿಗೆ. ಕೊಯಿನಾ ನೀರಿನಲ್ಲಿ ಕರಗಲೆಂದು ಅದಕ್ಕೆ ಸ್ವಲ್ಪ ಗಂಧಕಾಮ್ಲ ಸೇರಿಸಿರುತ್ತಾರೆ. ಹುಳಿ ತಾಮ್ರಕ್ಕೆ ಹತ್ತಿದರೆ ಕಿಲುಬು, ಕಿಲುಬು ಹೊಟ್ಟೆಗೆ ಹೋದರೆ ವಿಷ. ಪಂಚಪಾತ್ರೆ ಬೇಡವೇ ಬೇಡವೆಂದ. ಗಾಜಿನ ಬಾಟಲಿ ಬೇಡವೇ ಬೇಡವೆಂದರು ಅಪ್ಪ. ಲೋಕದ ದೊಡ್ಡ ವಾದವೊಂದು ನಮ್ಮ ಪಡಸಾಲೆಯಲ್ಲಿ, ಒಂದು ಪಾತ್ರೆಯ ಮೇಲೆ ಬಂದು ನಿಂತಿತು. ಕಂಬಳಿಯೊಳಗೆ ಅಪ್ಪನ ಮೈ ಕಾಯುತ್ತಲೇ ಇತ್ತು. ನಾನು, ಎರಡೂ ಕಡೆಯ ಪಾಠ ಮಾಡುವವನು, ಬಾಗಿಲ ಬಳಿ ನಿಂತು ಕೆಮ್ಮಿದೆ.

ದಾರಿ ತೋರಿಸಿದವಳು ಅವ್ವ. ಅವಳು ಹಿತ್ತಲಿಗೆ ಹೋಗಿ ಮುತ್ತುಗದ ಎಲೆ ಕಿತ್ತು ತಂದು, ಕಡ್ಡಿ ಚುಚ್ಚಿ ಒಂದು ದೊನ್ನೆ ಮಾಡಿ ಇಬ್ಬರ ನಡುವೆ ಇಟ್ಟಳು. ಅಪ್ಪ ನೋಡಿದರು: ದೊನ್ನೆಗೆ ಮೈಲಿಗೆಯಿಲ್ಲ. ಅಣ್ಣ ನೋಡಿದ: ದೊನ್ನೆಗೆ ಕಿಲುಬಿಲ್ಲ. ಅವನು ಬಾವಿಗೆ ಹೋಗಿ ಸ್ನಾನ ಮಾಡಿ ಒಗೆದ ಪಂಚೆ ಉಟ್ಟು ಬಂದು, ಬಾಟಲಿಯನ್ನು ಅಲುಗಿಸಿ ದೊನ್ನೆಗೆ ಬಗ್ಗಿಸಿ, ಒಳಗೆ ದೇವರ ಮುಂದೆ ಇಟ್ಟು ತಂದ. ಅಪ್ಪ ಎದ್ದು ಕುಳಿತು, ನಡುಗುವ ಬಲಗೈಯನ್ನು ಚಾಚಿದರು. ಅಣ್ಣ ಹಾಗೇ ನಿಂತ. ತೀರ್ಥ ಕೊಡುವಾಗ ಹೇಳುವ ಮಂತ್ರವೊಂದಿದೆ. ಅಕಾಲದ ಸಾವು ತಪ್ಪಲಿ, ಎಲ್ಲ ರೋಗ ವಾಸಿಯಾಗಲಿ ಎಂದು ಅದರ ಅರ್ಥ. ಅದನ್ನು ತಾನು ಹೇಳಬೇಕೋ ಏನೋ, ಮನಸ್ಸಿಲ್ಲದೆ ಹೇಳಿದರೆ ಅಪ್ಪನಿಗೆ ಮೋಸ ಮಾಡಿದಂತಾಗುವುದೋ ಏನೋ ಎಂದು ಅವನು ಅನುಮಾನಿಸಿದ್ದು ಅಪ್ಪನಿಗೆ ತಿಳಿಯಿತು.

"ನೀ ಉಯ್ಯಿ ಕಣ್ಲಾ," ಎಂದರು. "ನಾ ಯೋಳ್ಕತೀನಿ."

ಅಣ್ಣ ಸುರಿದ, ಅಪ್ಪ ಹೇಳಿಕೊಂಡರು. ಮೂರು ಸಲ. ಕಹಿಗೆ ಮುಖ ಕಿವುಚಿತು, ಕೈ ತಲೆಗೆ ಹೋಯಿತು. ಅಂದು ಮಾತ್ರ ಅಣ್ಣ ಜಿಡ್ಡಿನ ಮಾತೆತ್ತಲಿಲ್ಲ.

ಅಪ್ಪ ಉಳಿದರು. ದೀಪಾವಳಿಯ ಹೊತ್ತಿಗೆ ಗುಡಿಗೂ ಹೋದರು, ಹೊಲಕ್ಕೂ ಹೋದರು. ಈಶ್ವರ ಉಳಿಸಿದನೆಂದು ಅಪ್ಪ, ಕೊಯಿನಾ ಉಳಿಸಿತೆಂದು ಅಣ್ಣ, ಹಲವು ವರ್ಷ ಇಬ್ಬರೂ ಜಗಲಿಯ ಮೇಲೆ ಸಂತೋಷವಾಗಿ ಜಗಳವಾಡಿದರು. ಅವ್ವ ಹರಕೆಯ ತೆಂಗಿನಕಾಯಿ ಒಡೆಸಿ, ಒಂದು ಹೋಳನ್ನು ಗುಡಿಯಲ್ಲಿ ಬಿಟ್ಟು ಇನ್ನೊಂದು ಹೋಳನ್ನು ಧರ್ಮಾಸ್ಪತ್ರೆಯ ಡಾಕ್ಟರಿಗೆ ಕಳುಹಿಸಿದಳು. ಯಾವ ಹೋಳು ದೊಡ್ಡದೆಂದು ಅವಳು ಯಾರಿಗೂ ತೋರಿಸಲಿಲ್ಲ.

ಇದಾದ ಎಷ್ಟೋ ಕಾಲದ ಮೇಲೆ, ನಮ್ಮ ಸೇತುವೆಯ ವಾದವನ್ನೆಲ್ಲ ಅಣ್ಣನ ಮುಂದೆ ಹರಡಿ, ನಿನಗೇನನಿಸುತ್ತದೆ ಎಂದು ಕೇಳಿದ್ದೆ. ಅವನು ಕಪಾಟಿನಲ್ಲಿದ್ದ ಒಂದು ಬಾಟಲಿಯನ್ನು ತೋರಿಸಿದ. ಕೆಳಗೆ ಬಿಳಿಯ ಗಷ್ಟು ಕೂತಿತ್ತು, ಮೇಲೆ ತಿಳಿನೀರು. ಬೆರೆಸಿದ್ದೆಲ್ಲ ಬೆರೆತೇ ಇರುವುದಿಲ್ಲ, ಇಟ್ಟರೆ ಬೇರೆಯಾಗುತ್ತದೆ, ಅದಕ್ಕೇ ಕುಡಿಯುವಾಗ ಅಲುಗಿಸಿ ಎಂದು ಚೀಟಿ ಅಂಟಿಸುವುದು ಎಂದ. ಅದು ಉತ್ತರವೋ, ಕಾಂಪೌಂಡರನ ತಮಾಷೆಯೋ ಆಗ ನನಗೆ ತಿಳಿಯಲಿಲ್ಲ. ಈಗ ಕೇಳೋಣವೆಂದರೆ ಅವನಿಲ್ಲ.

ಹೋದ ವರ್ಷ ಅವನ ಮೂತ್ರಪಿಂಡ ಕೆಟ್ಟು ಮೈಯೆಲ್ಲ ಬಾತುಕೊಂಡಿತು. ಇನ್ನು ಹೆಚ್ಚು ದಿನವಿಲ್ಲವೆಂದು ಡಾಕ್ಟರು ಹೇಳುವ ಮುಂಚೆಯೇ ಅವನಿಗೆ ಗೊತ್ತಿತ್ತು. ನಾನು ಶಾಲೆಗೆ ರಜ ಹಾಕಿ ಕೋಟೆಯ ಅವನ ಮನೆಯಲ್ಲಿದ್ದೆ. ಅವನ ಕೆಲಸಕ್ಕೆ ಬಂದಿದ್ದ ಹೊಸ ಕಾಂಪೌಂಡರು ಮಿಕ್ಸ್ಚರ್ ಮಾಡಿ ಕಳುಹಿಸುತ್ತಿದ್ದ. ಅಣ್ಣ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿಸಿ ನೋಡಿ, ನೀರು ಜಾಸ್ತಿ ಹಾಕವ್ನೆ ಎಂದು ತಪ್ಪು ಹುಡುಕುತ್ತಿದ್ದ. ತಪ್ಪು ಹುಡುಕುವಷ್ಟು ಚೈತನ್ಯವಿದೆಯಲ್ಲ ಎಂದು ಅತ್ತಿಗೆ ಒಳಗೆ ಹೋಗಿ ಕಣ್ಣೊರೆಸಿಕೊಳ್ಳುವರು.

ಒಂದು ಮಧ್ಯಾಹ್ನ ನಾನು ಲೋಟವನ್ನು ಅವನ ತುಟಿಗೆ ಹಿಡಿದೆ. ಅವನು ಅದನ್ನು ಪಕ್ಕಕ್ಕೆ ಸರಿಸಿ, ಬಲಗೈ ಚಾಚಿದ. ಎಡಗೈ ಅದರ ಕೆಳಗೆ ಬಂತು. ನಾನು ಸುರಿದೆ, ನನಗೆ ಯಾವ ಮಂತ್ರವೂ ಬಾಯಿಗೆ ಬರಲಿಲ್ಲ, ಅವನೂ ಏನೂ ಹೇಳಿಕೊಂಡದ್ದು ಕೇಳಿಸಲಿಲ್ಲ. ಮೂರು ಸಲ ಕುಡಿದ ಮೇಲೆ ಆ ಕೈ ಮೇಲಕ್ಕೆ ಎದ್ದಿತು. ಎದೆಯವರೆಗೆ ಬಂದು ಅಲ್ಲೇ ಸೋತು ನಿಂತಿತು. ನಾನು ಅದನ್ನು ಹಿಡಿದು ಎತ್ತಿ, ಅವನ ನೆತ್ತಿಗೆ ಒರೆಸಿದೆ.

ಅವನು ಕಣ್ಣು ಮುಚ್ಚಿಕೊಂಡೇ ನಕ್ಕ. "ಜಿಡ್ಡಾಯ್ತದೆ ಕಣ್ಲಾ," ಎಂದ. ಸ್ವಲ್ಪ ಹೊತ್ತಿನ ಮೇಲೆ, "ಆಗ್ಲಿ ಬುಡು," ಎಂದ.

ಅದು ನಂಬಿಕೆಯೋ ಅಭ್ಯಾಸವೋ ಎಂದು ಸೇತುವೆಯ ಗೆಳೆಯರು ಕೇಳಬಹುದು. ಅವರಿಗೆ ನಾನು ಇದನ್ನು ಹೇಳಿಲ್ಲ. ಸಾವಿರಾರು ಅಂಗೈಗಳಿಗೆ ಸುರಿದವನು ಕೊನೆಗೊಮ್ಮೆ ತನ್ನ ಅಂಗೈ ಚಾಚಿದ, ಸುರಿಯುವ ಭಾಗ್ಯ ನನಗೆ ಬಂತು. ಆ ಮಧ್ಯಾಹ್ನಕ್ಕೆ ನಾನು ಋಣಿ. ಅಪ್ಪನನ್ನು ಇನ್ನಷ್ಟು ವರ್ಷ ನಮಗೆ ಉಳಿಸಿಕೊಟ್ಟ ಆ ದೂರದ ಮರಕ್ಕೆ, ಅದರ ಚಕ್ಕೆಯ ಗುಣ ಕಂಡುಕೊಂಡವರಿಗೆ, ಅದನ್ನು ಹುಟ್ಟಿಸಿದವನಿದ್ದರೆ ಅವನಿಗೆ, ಹಿತ್ತಲ ಮುತ್ತುಗದ ಗಿಡಕ್ಕೂ ಋಣಿ. ಕೃತಜ್ಞತೆಗೆ ವಿಳಾಸ ಸರಿಯಾಗಿ ಗೊತ್ತಿರಲೇಬೇಕೆಂದೇನೂ ಇಲ್ಲ ಎಂಬಷ್ಟು ಈ ಒಂದು ವರ್ಷದಲ್ಲಿ ತಿಳಿದುಕೊಂಡಿದ್ದೇನೆ.

ಇಂದು ಕೆಮ್ಮು ಬಹುಪಾಲು ಇಳಿದಿದೆ. ಬಾಟಲಿಯ ತಳದಲ್ಲಿ ಒಂದು ಹೊತ್ತಿನ ಔಷಧ ಉಳಿದಿತ್ತು. ನನ್ನ ಹೆಂಡತಿ ಎಲ್ಲೋ ಹುಡುಕಿ ಅಳತೆಯ ಲೋಟವನ್ನು ತೊಳೆದು ತಂದಳು. ನಾನು ಅದನ್ನು ತೆಗೆದುಕೊಳ್ಳದೆ ಬಾಟಲಿಯನ್ನು ಅಲುಗಿಸಿ ಅವಳ ಕೈಗೆ ಕೊಟ್ಟೆ. ಔಷಧವನ್ನು ಮನುಷ್ಯ ತಾನೇ ಸುರಿದುಕೊಂಡು ಕುಡಿಯಬಹುದು, ಕಳೆದ ವಾರವೆಲ್ಲ ನಾನು ಮಾಡಿದ್ದು ಅದನ್ನೇ. ತೀರ್ಥಕ್ಕೆ ಮಾತ್ರ ಇನ್ನೊಬ್ಬರ ಕೈ ಬೇಕು. ನಾನು ಅಂಗೈ ಚಾಚಿದೆ. ಅವಳು ಲೋಟವನ್ನು ಕೆಳಗಿಟ್ಟು, ಸೆರಗನ್ನು ಸರಿಮಾಡಿಕೊಂಡು, ಮೂರು ಸಲ ಸುರಿದಳು.